ನಕ್ಕರೆ ನಿಲ್ಲದ ಹಲ್ಲಿನ ಹಾಡು

ವೇದಿಕೆಯ ಮೇಲೆ ಕಣ್ಣಿಗೆ ಬಿದ್ದದ್ದನ್ನೆಲ್ಲ ಆ ಕ್ಷಣವೇ ಹಾಡಾಗಿಸಿ, ಸಭಿಕರ ಹೊಟ್ಟೆ ಹುಣ್ಣಾಗಿಸಿ, ಏನೂ ಆಗದವರಂತೆ ನೀರು ಕುಡಿಯುವ ಗಾಯಕಿಯವರ ಸನ್ನಿಧಾನಕ್ಕೆ, ಊರಿನ ಬಾಯಿಗಳೊಳಗೆ ಕೆಲಸ ಮಾಡುವವನೊಬ್ಬ ಎರಡೂ ಕೈ ಜೋಡಿಸಿ (ಕೈಗೆ ಪ್ಲಾಸ್ಟರಿನ ಪುಡಿ ಮೆತ್ತಿದೆ, ಮನ್ನಿಸಬೇಕು) ಸಲ್ಲಿಸುವ ವಂದನೆಗಳು.

ಮಾನ್ಯರೇ,

ಮೊದಲಿಗೆ ತಮ್ಮ ಕಂಠ ಕ್ಷೇಮವೇ, ತಮ್ಮ ಕೀಬೋರ್ಡಿನವರು ಕ್ಷೇಮವೇ, ತಾವು ಹಾಡಿನ ನಡುವೆ ದಾರಿ ಬಿಟ್ಟು ಓಡಿದಾಗಲೆಲ್ಲ ಬೆನ್ನು ಹತ್ತಿ ಬಂದು ತಾಳ ಹಿಡಿಯುವ ಆ ಡ್ರಮ್ಮಿನವರು ಕ್ಷೇಮವೇ ಎಂದು ವಿಚಾರಿಸುತ್ತೇನೆ. ನಾವು ಇಲ್ಲಿ ಕ್ಷೇಮವಾಗಿಲ್ಲ. ಅದಕ್ಕೆ ಕಾರಣ ತಾವು. ಇದನ್ನು ತಮಗೊಬ್ಬರಿಗೇ ಗುಟ್ಟಾಗಿ ಬರೆದು ತಿಳಿಸಬಹುದಿತ್ತು. ಆದರೆ ನಮ್ಮ ಮನೆಯ ವಿಷಯವನ್ನು ತಾವು ಮೈಕಿನಲ್ಲಿ, ಅದೂ ಎರಡೆರಡು ಸಲ ಪಲ್ಲವಿಗೆ ಮರಳಿ ಬಂದು ಹಾಡಿದ ಮೇಲೆ, ನಾನು ಲಕೋಟೆಗೆ ಅಂಟು ಹಚ್ಚಿ ಮರ್ಯಾದೆ ಉಳಿಸಿಕೊಳ್ಳಲು ಹೊರಡುವುದು ನಗೆಪಾಟಲಾದೀತೆಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಾನು ಯಾರೆಂದು ತಮಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಹಲ್ಲಿನ ಆಸ್ಪತ್ರೆಯೊಂದರ ಹಿಂಬದಿಯ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟುಗಳನ್ನು ಕಟ್ಟುವುದು ನನ್ನ ಕಸುಬು. ಮುಂದಿನ ಕೋಣೆಯಲ್ಲಿ ಡಾಕ್ಟರಮ್ಮ ಬಾಯಿಯ ಅಚ್ಚು ತೆಗೆದು ಕೊಡುತ್ತಾರೆ. ನಾನು ಅದಕ್ಕೆ ಪ್ಲಾಸ್ಟರು ಸುರಿದು, ಮೇಣ ಇಟ್ಟು, ಒಂದೊಂದೇ ಹಲ್ಲು ಜೋಡಿಸಿ, ಉಜ್ಜಿ, ಹೊಳಪು ಕೊಟ್ಟು ಹಿಂತಿರುಗಿಸುತ್ತೇನೆ. ನನ್ನ ಕಿಟಕಿಯ ಪಕ್ಕದ ಕಪಾಟಿನಲ್ಲಿ ಊರಿನ ದೊಡ್ಡ ಮನುಷ್ಯರೆಲ್ಲ ಬಾಯಿ ತೆರೆದುಕೊಂಡು ಸಾಲಾಗಿ ಕೂತಿದ್ದಾರೆ, ಒಬ್ಬರೂ ಒಂದು ಮಾತಾಡುವುದಿಲ್ಲ. ಯಾರ ಬಾಯಲ್ಲೂ ನನ್ನ ಹೆಸರಿಲ್ಲ, ಆದರೆ ಎಷ್ಟೋ ಬಾಯಲ್ಲಿ ನಾನಿದ್ದೇನೆ. ನಾನಿದ್ದೇನೆಂದು ಗೊತ್ತಾಗದ ಹಾಗಿರುವುದೇ ನನ್ನ ಕಸುಬಿನ ಮಾನ. ಆ ಮಾನವನ್ನು ತಾವು ತುಂಬಿದ ಸಭೆಯಲ್ಲಿ ಕಾಲಬುಡದಿಂದ ಎತ್ತಿ, ಕರವಸ್ತ್ರದ ಮೇಲಿಟ್ಟು, ಮೇಲಿನ ಸ್ಥಾಯಿಯಲ್ಲಿ ಹಾಡಿದಿರಿ. ಆದ್ದರಿಂದ ನಡೆದದ್ದನ್ನು ಮೊದಲಿನಿಂದ ಹೇಳುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ.

ನನ್ನ ಮಾವನವರು ನಿವೃತ್ತ ಸ್ಟೇಷನ್ ಮಾಸ್ತರರು. ಅವರ ಎಡಹುಬ್ಬು ಮೇಲೇರಿದರೆ ಮನೆಯಲ್ಲಿ ಯಾರೂ ಮುಂದೆ ಹೆಜ್ಜೆ ಇಡುವಂತಿಲ್ಲ, ಇಳಿದರೆ ಹೋಗಬಹುದು. ಹೀಗಾಗಿ ಅವರ ಬೆನ್ನ ಹಿಂದೆ ನಾವೆಲ್ಲ ಅವರನ್ನು ‘ಸಿಗ್ನಲ್ಲು’ ಎನ್ನುತ್ತೇವೆ. ಸಮವಸ್ತ್ರ ತೊಡುವ ಅಳಿಯ ಬೇಕೆಂಬುದು ಅವರ ಆಸೆಯಾಗಿತ್ತು. ನನಗೂ ಏಪ್ರನ್ನು ಇತ್ತು. ಅದನ್ನು ಅವರು ಸಮವಸ್ತ್ರವೆಂದು ಒಪ್ಪಲಿಲ್ಲ. ಮದುವೆಯಾದಂದಿನಿಂದ ಅವರು ನನ್ನನ್ನು ‘ನೀವು’ ಎಂದೇ ಕರೆದದ್ದು. ಬಹುವಚನದಲ್ಲಿ ಎಷ್ಟು ಚಳಿ ಇರಬಹುದೆಂದು ತಿಳಿಯಬೇಕಾದರೆ ನಮ್ಮ ಮಾವನವರಿಂದ ‘ಬನ್ನಿ, ಕೂತ್ಕೊಳ್ಳಿ’ ಎನ್ನಿಸಿಕೊಳ್ಳಬೇಕು; ಸ್ವೆಟರು ಹಾಕಿಕೊಳ್ಳಬೇಕೆನ್ನಿಸುತ್ತದೆ.

ಹೀಗಿರುವಾಗ ಅವರ ಹಲ್ಲುಗಳು ಒಂದೊಂದಾಗಿ ರಾಜೀನಾಮೆ ಕೊಟ್ಟವು. ಬೇರೆ ಕಡೆ ಕಟ್ಟಿಸುತ್ತೇನೆಂದು ಅವರು ಹಟ ಹಿಡಿದರೂ, ‘ಮನೇಲೇ ಮಾಡೋರಿದ್ದಾಗ ಬೀದಿ ಸುತ್ತೋದು ಯಾಕೆ?’ ಎಂದು ಅತ್ತೆಯವರು ತಡೆದರು. ಮೇಲಿನದೂ ಕೆಳಗಿನದೂ ಪೂರ್ತಿ ಸೆಟ್ಟನ್ನು ನಾನೇ ಕಟ್ಟಿದೆ. ಇಷ್ಟು ಶ್ರದ್ಧೆಯಿಂದ ಇನ್ನಾರದನ್ನೂ ಕಟ್ಟಿರಲಿಲ್ಲ ಎಂದು ಹೇಳಿದರೆ ಉಳಿದ ಬಾಯಿಗಳು ಬೇಸರಿಸಿಕೊಳ್ಳಬಹುದು, ಆದರೆ ನಿಜ ಹೇಳಬೇಕಲ್ಲ. ಮಾವನವರು ಅದನ್ನು ಹಾಕಿಕೊಂಡರು. ಯಾರೋ ಸ್ವಲ್ಪ ನೋಡಿಕೊಳ್ಳಿ ಎಂದು ಕೊಟ್ಟುಹೋದ ಪೆಟ್ಟಿಗೆಯನ್ನು ಕಾಯುವವರ ಹಾಗೆ ಅದನ್ನು ಬಾಯಲ್ಲಿಟ್ಟುಕೊಂಡು ಕೂತರು. ‘ಸಡಿಲ ಇದೆ’ ಎಂದರು. ಡಾಕ್ಟರಮ್ಮ ನೋಡಿ ಸರಿಯಾಗಿದೆ ಎಂದರು. ನಾನು ನೋಡಿದೆ, ಸರಿಯಾಗಿತ್ತು. ಮಾವನವರು ಮಾತ್ರ ‘ಸಡಿಲ ಇದೆ’ ಎಂದು ತುಟಿ ಬಿಗಿದರು, ಮತ್ತೆ ಬಿಚ್ಚಲಿಲ್ಲ.

ಅಂದಿನಿಂದ ಅವರು ಪಾರ್ಕಿನ ಬೆಂಚಿಗೆ ಹೋಗುವುದನ್ನು ಬಿಟ್ಟರು, ಅಲ್ಲಿ ಗೆಳೆಯರು ನಗಿಸುತ್ತಾರೆಂದು. ಬೇರೆಯವರ ಮನೆಯಲ್ಲಿ ಊಟ ಬಿಟ್ಟರು. ಬೆಳಿಗ್ಗೆ ಗಡ್ಡ ಕೆರೆದುಕೊಳ್ಳುವಾಗ ಕನ್ನಡಿಯ ಮುಂದೆ ಗುನುಗುತ್ತಿದ್ದ ಹಳೆಯ ಹಾಡುಗಳನ್ನೂ ಬಿಟ್ಟರು. ಅತ್ತೆಯವರು ಒಮ್ಮೆ ನನ್ನ ಹೆಂಡತಿಗೆ ಹೇಳಿದ್ದನ್ನು ನಾನು ಬಾಗಿಲ ಆಚೆಯಿಂದ ಕೇಳಿಸಿಕೊಂಡೆ: ‘ಹಲ್ಲಿಲ್ಲದಾಗ ಮನುಷ್ಯ ಇದ್ರು ಕಣೇ, ಹಲ್ಲು ಬಂತು, ಮನುಷ್ಯ ಹೋದ್ರು.’ ಆ ಮಾತು ನನಗೆ ಎಲ್ಲಿ ನಾಟಿತೆಂದು ತಮಗೆ ವಿವರಿಸಲಾರೆ. ಹಲ್ಲಿನ ಬೇರಿಗಿಂತ ಆಳವಾದ ಜಾಗ ಎಂದಷ್ಟೇ ತಿಳಿಯಿರಿ.

ಅವರಿಗೆ ಸ್ವಲ್ಪ ಗಾಳಿ ಬದಲಾಗಲಿ ಎಂದು ನನ್ನ ಹೆಂಡತಿ ಮನೆಮಂದಿಯನ್ನೆಲ್ಲ ತಮ್ಮ ಕಾರ್ಯಕ್ರಮಕ್ಕೆ ಹೊರಡಿಸಿದಳು. ‘ಹಾಡು ತಾನೇ? ಕೇಳಕ್ಕೆ ಬಾಯಿ ಬೇಡ’ ಎಂದು ಮಾವನವರು ಒಪ್ಪಿದರು. ತಾವು ಹಾಡುಗಳ ನಡುವೆ ‘ಸಿಕ್ಕಿದ್ದರ ಹಾಡು’ ಎಂಬ ಅಪಾಯಕಾರಿ ವಸ್ತುವನ್ನು ಇಟ್ಟುಕೊಂಡಿದ್ದೀರೆಂದು ನಮಗೆ ಯಾರೂ ಹೇಳಿರಲಿಲ್ಲ. ಸಭಾಂಗಣದ ಬಾಗಿಲಲ್ಲಿ ಈ ಬಗ್ಗೆ ಎಚ್ಚರಿಕೆಯ ಫಲಕವೂ ಇರಲಿಲ್ಲ. ಸಿಗರೇಟು ಸೇದಬೇಡಿ ಎಂದು ಬರೆಯುವವರಿಗೆ, ಹೊಸದಾಗಿ ಹಲ್ಲು ಕಟ್ಟಿಸಿಕೊಂಡವರು ಹಿಂದಿನ ಸಾಲಿನಲ್ಲಿ ಕೂರಬೇಕು ಎಂದು ಬರೆಯಲು ಏನು ಕಷ್ಟವಿತ್ತು ಎಂದು ಕೇಳಬಯಸುತ್ತೇನೆ.

ಮೊದಲ ಎರಡು ಹಾಡುಗಳು ಮಧುರವಾಗಿದ್ದವು. ಆ ಬಗ್ಗೆ ನಮ್ಮ ದೂರಿಲ್ಲ. ಮೂರನೆಯದು ಮುಗಿಯುವಾಗ ತಡವಾಗಿ ಬಂದ ದಂಪತಿಗಳು ಮೊಬೈಲಿನ ಬೆಳಕು ಹಿಡಿದು ತಮ್ಮ ಸೀಟು ಹುಡುಕತೊಡಗಿದರು. ತಾವು ಹಾಡುವುದನ್ನು ನಿಲ್ಲಿಸಲಿಲ್ಲ, ಅದೇ ರಾಗದಲ್ಲಿ ದಾರಿ ಹೇಳತೊಡಗಿದಿರಿ: ‘ಎಡಕ್ಕೆ ಬನ್ನಿ, ಬಲಕ್ಕೆ ಬನ್ನಿ, ಅದು ನಿಮ್ ಸೀಟಲ್ಲ, ಅವರ ತೊಡೆ!’ ಸಭೆ ಗೊಳ್ಳೆಂದಿತು. ಆಮೇಲೆ ಬಾಗಿಲು ಕಾಯುವವರು ಆಕಳಿಸಿದರು. ಆ ಆಕಳಿಕೆಯನ್ನೂ ತಾವು ಬಿಡಲಿಲ್ಲ. ಅದರ ಶ್ರುತಿ ಹಿಡಿದು, ಬೆಳೆಸಿ, ಒಂದು ದೀರ್ಘ ಆಲಾಪ ಮಾಡಿ, ಕೊನೆಗೆ ಅವರಿಂದಲೇ ಮತ್ತೊಂದು ಆಕಳಿಕೆ ತೆಗೆಸಿ ಮುಗಿಸಿದಿರಿ. ನನ್ನ ಪಕ್ಕದಲ್ಲಿ ಮಾವನವರ ಭುಜಗಳು ಅಲುಗುತ್ತಿದ್ದವು. ತುಟಿ ಮಾತ್ರ ಬಿಗಿದೇ ಇತ್ತು. ಅಳುತ್ತಿದ್ದಾರೇನೋ ಎಂದು ಅತ್ತೆಯವರು ಕರವಸ್ತ್ರ ಕೊಟ್ಟರು. ಅವರು ಅದನ್ನು ಬಾಯಿಗೆ ತುರುಕಿಕೊಳ್ಳಲು ನೋಡಿದರು. ಅಷ್ಟರಲ್ಲಿ ತಾವು, ನಿದ್ದೆಗೆ ಜಾರಿದ್ದ ಮೈಕಿನವರನ್ನು ಲಾಲಿ ಹಾಡಿ ಎಬ್ಬಿಸಹೊರಟಿರಿ. ಲಾಲಿ ಹಾಡಿ ಎಬ್ಬಿಸುವುದು! ಇದು ಯಾವ ನ್ಯಾಯ?

ಮಾವನವರು ನಕ್ಕರು. ಎಷ್ಟೋ ತಿಂಗಳು ಒಳಗೆ ಕೂಡಿಹಾಕಿದ್ದ ನಗು ಒಂದೇ ಸಲ ಹೊರಬಂತು. ಅದರ ಜೊತೆಗೆ ಮೇಲಿನ ಸೆಟ್ಟೂ ಹೊರಬಂತು. ಅದು ಮುಂದಿನ ಕುರ್ಚಿಯ ಬೆನ್ನಿಗೆ ತಾಗಿ, ನಡುವಿನ ಹಾದಿಗೆ ಹಾರಿ, ಆ ಸಭಾಂಗಣದ ನೆಲ ವೇದಿಕೆಯ ಕಡೆಗೆ ಇಳಿಜಾರಾಗಿರುವುದರಿಂದ ಯಾವ ಅವಸರವೂ ಇಲ್ಲದೆ, ಗಟ್ಟಿ ಮುಗುಳ್ನಗೆಯೊಂದನ್ನು ಹೊತ್ತು, ಸಾಲು ಸಾಲು ಜನರ ಪಾದಗಳನ್ನು ದಾಟಿ ಜಾರಿಹೋಯಿತು. ಜನ ಕಾಲು ಎತ್ತಿ ದಾರಿ ಬಿಟ್ಟರು. ಅದು ವೇದಿಕೆಯ ಬುಡಕ್ಕೆ ಟಕ್ಕೆಂದು ತಾಗಿ ನಿಂತಿತು. ಇಡೀ ಸಭೆ ಕತ್ತು ಚಾಚಿತು. ನನ್ನ ಜೀವಮಾನದಲ್ಲಿ ನನ್ನ ಕೆಲಸವನ್ನು ಅಷ್ಟು ಜನ ಒಟ್ಟಿಗೆ ನೋಡಿದ್ದು ಅದೇ ಮೊದಲು.

ಆಗ ತಾವು ಬಗ್ಗಿ ನೋಡಿದಿರಿ. ಮರ್ಯಾದಸ್ಥರು ಅಂಥ ಹೊತ್ತಿನಲ್ಲಿ ಮುಂದಿನ ಹಾಡಿಗೆ ಹೋಗುತ್ತಾರೆ. ತಾವು ಮೆಟ್ಟಿಲಿಳಿದು ಬಂದು, ಕರವಸ್ತ್ರದಲ್ಲಿ ಅದನ್ನೆತ್ತಿ, ಡ್ರಮ್ಮಿನವರ ಕಡೆ ಒಮ್ಮೆ ಕಣ್ಣು ಹೊಡೆದು ಶುರುಮಾಡಿದಿರಿ:

ಹಲ್ಲೇ ಹಲ್ಲೇ, ನಿಲ್ಲೇ ನಿಲ್ಲೇ,
ಬಾಯಿ ಬಿಟ್ಟು ಹೊರಟೆ ಎಲ್ಲೇ?
ಕಚ್ಚೋ ಕೆಲ್ಸಕ್ ಚಕ್ಕರ್ ಹೊಡ್ದು
ಹಾಡು ಕೇಳೋಕ್ ಬಂದ್ಯಾ ಇಲ್ಲೇ?

ಮುಂದಿನ್ ಸಾಲಿನ್ ಸೀಟೇ ಬೇಕಾ?
ಟಿಕೆಟ್ ತೋರ್ಸು, ಆಮೇಲ್ ಕೂರು!
ಹಿಂದೆ ಬೊಚ್ಚು ಬಾಯಿ ಬಿಟ್ಕೊಂಡ್
ಕಾಯ್ತಾ ಇರೋ ಯಜಮಾನ್ ಯಾರು?

ಇಲ್ಲಿಗೆ ನಿಲ್ಲಿಸಿದ್ದರೆ ಈ ಪತ್ರದ ಅಗತ್ಯವೇ ಇರಲಿಲ್ಲ. ಮಾನ್ಯರೇ, ತಾವು ನಿಲ್ಲಿಸಲಿಲ್ಲ. ಕರವಸ್ತ್ರವನ್ನು ದೀಪಕ್ಕೆ ಹಿಡಿದು, ಸೆಟ್ಟನ್ನು ಅತ್ತಿತ್ತ ತಿರುಗಿಸಿ ನೋಡಿ, ನನ್ನ ಕಡೆಯೇ ಬೆರಳು ಮಾಡಿದಂತೆ ಮೂರನೆಯ ಚರಣವನ್ನೂ ಕಟ್ಟಿಬಿಟ್ಟಿರಿ:

ನಿನ್ನ ಕಟ್ಟಿದ್ ಕೈ ಯಾರ್ದಪ್ಪಾ?
ಬಿದ್ರೂ ಒಂಚೂರ್ ಮುಕ್ಕಾಗಿಲ್ಲ!
ಅಳ್ತಾ ಇದ್ರೆ ಗಟ್ಟಿ ನಿಲ್ಲತ್ತೆ,
ನಕ್ರೆ ಮಾತ್ರ ನಿಲ್ಲೋದಿಲ್ಲ!

ಸಭೆ ಈ ಕೊನೆಯ ಸಾಲನ್ನು ಹಿಡಿದುಕೊಂಡಿತು. ಬಾಲ್ಕನಿಯವರು ಹಾಡಿದರು, ಕೆಳಗಿನವರು ಹಾಡಿದರು, ಸೀಟು ಸಿಕ್ಕಿದ ಆ ದಂಪತಿಗಳೂ ಹಾಡಿದರು. ನಾನು ಕುರ್ಚಿಯಿಂದ ನಿಧಾನವಾಗಿ ಕೆಳಗೆ ಜಾರಿ, ಸೀಟಿನ ಅಡಿ ಎಷ್ಟು ಜಾಗವಿದೆಯೆಂದು ಅಳೆಯತೊಡಗಿದೆ. ಆಗ ಮಾವನವರು ಎದ್ದು ನಿಂತದ್ದು ಕಂಡಿತು. ಎಡಹುಬ್ಬು ಮೇಲೇರಿತ್ತು. ಇಡೀ ಕಾರ್ಯಕ್ರಮವನ್ನು ಅಲ್ಲೇ ತಡೆದು ನಿಲ್ಲಿಸುತ್ತಾರೆಂದು ನಾನೂ ನನ್ನ ಹೆಂಡತಿಯೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡೆವು. ಅವರು ಪ್ಲಾಟ್‌ಫಾರಂ ಮೇಲೆ ನಡೆಯುವ ಗತ್ತಿನಲ್ಲಿ ಇಳಿಜಾರಿನ ಹಾದಿಯಲ್ಲಿ ನಡೆದು ಹೋಗಿ ತಮ್ಮೆದುರು ನಿಂತರು. ತಾವು ಪಾಪ, ಆ ಹೊತ್ತಿಗೆ ಸ್ವಲ್ಪ ಹೆದರಿದ ಹಾಗೆ ಕಂಡಿರಿ, ‘ಯಜಮಾನ್ರೇ, ತಪ್ಪು ತಿಳ್ಕೋಬೇಡಿ’ ಎಂದಿರಿ. ಅವರು ಮೈಕು ಕೊಡಿ ಎಂದು ಕೈ ನೀಡಿದರು.

ಆ ಅರೆ ಬೊಚ್ಚುಬಾಯಲ್ಲಿ, ಎಂದೂ ಯಾರಿಗೂ ಕಾಣಿಸದಂತೆ ಕಾಪಾಡಿಕೊಂಡಿದ್ದ ಆ ಬಾಯನ್ನು ಪೂರ್ತಿ ತೆರೆದು, ಅವರು ಹೇಳಿದ್ದು ಇಷ್ಟು: ‘ಇದು ನಂದು. ಕಟ್ಟಿದ್ದು ನನ್ನ ಅಳಿಯ. ಅಗೋ ನೋಡಿ, ಸೀಟಿನ ಕೆಳಗೆ ಬಚ್ಚಿಟ್ಕೊಳ್ತಾ ಇದಾನಲ್ಲ, ಅವನೇ!’

ಇದಾನೆ. ಅವನೇ. ತಮಗೆ ಇದೊಂದು ಮಾತೆನ್ನಿಸದಿರಬಹುದು. ಸಭೆಯೆಲ್ಲ ಹಿಂತಿರುಗಿ ನೋಡಿ ಚಪ್ಪಾಳೆ ತಟ್ಟುತ್ತಿದ್ದಾಗ ನಾನು ಸೀಟಿಗೂ ನೆಲಕ್ಕೂ ನಡುವೆ ಮಂಡಿಯೂರಿ, ಏಕವಚನದಲ್ಲಿ ಕರೆಸಿಕೊಂಡ ಸಂತೋಷಕ್ಕೆ ಮೇಲೇಳುವುದನ್ನೇ ಮರೆತಿದ್ದೆ. ತಾವು ಅವಕಾಶ ಬಿಡುವವರೇ? ಮಾವನವರ ಕೈಗೆ ಸೆಟ್ಟು ಕೊಟ್ಟು, ಮೈಕು ವಾಪಸು ತೆಗೆದುಕೊಂಡು ಕೊನೆಯ ಚರಣ ಹಾಡಿದಿರಿ:

ಮಾವನ್ ವಸಡು, ಅಳಿಯನ್ ಹಲ್ಲು,
ಹೊಂದ್ಕೋಬೇಕು ಅಂದ್ರೆ ಹೇಗೆ?
ಒಂಚೂರ್ ಒಂಚೂರ್ ಸವೀಬೇಕು
ಆ ಕಡೆ ಹಾಗೆ, ಈ ಕಡೆ ಹೀಗೆ!

ಇನ್ನು ದೂರಿನ ಭಾಗಕ್ಕೆ ಬರುತ್ತೇನೆ. ಇಷ್ಟು ಹೊತ್ತು ಬರೆದದ್ದು ದೂರಿನ ಹಾಗೆ ಕಾಣದಿದ್ದರೆ ಅದು ನನ್ನ ಬರವಣಿಗೆಯ ದೋಷ.

ಮರುದಿನ ಬೆಳಿಗ್ಗೆ ನಾನು ಆಸ್ಪತ್ರೆಯ ಬಾಗಿಲು ತಳ್ಳುವ ಹೊತ್ತಿಗೆ ಕಾಯುವ ಬೆಂಚಿನ ಮೇಲೆ ಕೂತಿದ್ದವರು ‘ನಕ್ರೆ ಮಾತ್ರ’ ಎಂದು ಗುನುಗುತ್ತಿದ್ದರು. ಹಲ್ಲು ನೋವೆಂದು ಕೆನ್ನೆ ಹಿಡಿದು ಬಂದವರೂ ಇನ್ನೊಂದು ಕೆನ್ನೆಯಿಂದ ಗುನುಗುತ್ತಿದ್ದರು. ಹೊಸ ಸೆಟ್ಟು ಹಾಕಿಸಿಕೊಳ್ಳಲು ಬಂದಿದ್ದ ಬೇಕರಿಯವರೊಬ್ಬರು, ‘ನಂದು ನಕ್ರೆ ನಿಲ್ಲುತ್ತೋ? ಇಲ್ಲೇ ನಗಿಸಿ ತೋರಿಸಿ’ ಎಂದು ಪಟ್ಟು ಹಿಡಿದರು. ಡಾಕ್ಟರಮ್ಮ ಹಿಂದಿನ ಕೋಣೆಗೆ ಬಂದು, ‘ಹೋಗಿ ಒಂದು ಜೋಕ್ ಹೇಳಿ ಬನ್ನಿ’ ಎಂದು ನನ್ನನ್ನು ಮುಂದಕ್ಕೆ ಅಟ್ಟಿದರು. ಮಾನ್ಯರೇ, ನನಗೆ ಗೊತ್ತಿರುವುದು ಎರಡೇ ಜೋಕುಗಳು. ಒಂದು ಹೇಳುವಂಥದ್ದಲ್ಲ, ಇನ್ನೊಂದರ ಕೊನೆ ಮರೆತುಹೋಗಿದೆ. ಕೊನೆ ಮರೆತದ್ದನ್ನೇ ಹೇಳಿದೆ. ಬೇಕರಿಯವರು ನಗಲಿಲ್ಲ, ಬದಲಿಗೆ ಕನಿಕರದಿಂದ ನನ್ನ ಬೆನ್ನು ತಟ್ಟಿದರು. ಅಂದಿನಿಂದ ಹಲ್ಲು ಕೂರಿಸಿದ ಮೇಲೆ ನಗಿಸಿ ಪರೀಕ್ಷಿಸುವುದು ನಮ್ಮಲ್ಲಿ ಕಡ್ಡಾಯವಾಗಿದೆ, ಮತ್ತು ನಗಿಸುವ ಹೊಣೆ ನನ್ನದಾಗಿದೆ. ಹಲ್ಲು ಕಟ್ಟುವವನ ಕೈಯಲ್ಲಿ ಹಾಸ್ಯ ಮಾಡಿಸುವ ಮಟ್ಟಕ್ಕೆ ಒಂದು ಕಸುಬನ್ನು ಇಳಿಸಿದ ಕೀರ್ತಿ ಸಂಪೂರ್ಣವಾಗಿ ತಮಗೆ ಸಲ್ಲುತ್ತದೆ.

ಅದೇ ವಾರ ಇನ್ನೊಂದು ಘಟನೆ ನಡೆಯಿತು. ನನ್ನ ಕೋಣೆಯ ಬಾಗಿಲಲ್ಲಿ ಮಾವನವರು ನಿಂತಿದ್ದರು. ಅವರು ಆ ಕೋಣೆಗೆ ಹಿಂದೆಂದೂ ಬಂದವರಲ್ಲ. ಕಪಾಟಿನ ಬಾಯಿಗಳನ್ನೆಲ್ಲ ಒಂದು ಸುತ್ತು ನೋಡಿ, ಸ್ಟೂಲಿನ ಮೇಲೆ ಕೂತು, ಸೆಟ್ಟನ್ನು ತೆಗೆದು ಮೇಜಿನ ಮೇಲಿಟ್ಟರು.

‘ಸಡಿಲ ಇರಲಿಲ್ಲ ಕಣಯ್ಯಾ’ ಎಂದರು. ‘ಅಚ್ಚು ತೆಗೆಯೋ ದಿನ ನಾನೇ ಸರಿಯಾಗಿ ಬಾಯಿ ಬಿಟ್ಟಿರಲಿಲ್ಲ.’

‘ಯಾಕೆ ಮಾವಾ?’ ಎಂದೆ.

‘ನೀನು ಪಕ್ಕದಲ್ಲೇ ನಿಂತಿದ್ದೆ. ಅಳಿಯನ ಮುಂದೆ ಬೊಚ್ಚುಬಾಯಿ ಬಿಡೋದಾ ಅಂತ ಬಿಗಿ ಹಿಡ್ಕೊಂಡಿದ್ದೆ.’

ಮಾನ್ಯರೇ, ಹಾಗಾದರೆ ನಾನು ಕಟ್ಟಿದ್ದು ಬಿಗಿ ಹಿಡಿದ ಬಾಯಿಗೆ ಹೊಂದುವ ಹಲ್ಲು. ಬಿಗಿದಿರುವಷ್ಟು ಹೊತ್ತು ಅದು ಸರಿಯಾಗಿಯೇ ಇತ್ತು. ಬಾಯಿ ಪೂರ್ತಿ ತೆರೆದ ಕೂಡಲೇ ಅದಕ್ಕೆ ನೆಲೆ ಇರಲಿಲ್ಲ. ಅಳ್ತಾ ಇದ್ರೆ ನಿಲ್ಲತ್ತೆ, ನಕ್ರೆ ನಿಲ್ಲೋದಿಲ್ಲ ಎಂದು ತಾವು ಕರವಸ್ತ್ರ ಹಿಡಿದು ನಿಂತ ನಿಲುವಿನಲ್ಲಿ, ಪ್ರಾಸ ಕೂಡಲಿ ಎಂದು ಬಾಯಿಗೆ ಬಂದದ್ದನ್ನು ಹಾಡಿ ಹೋದಿರಿ. ನಮ್ಮ ಮನೆಯಲ್ಲಿ ನಡೆಯುತ್ತಿದ್ದದ್ದು ಅಕ್ಷರಶಃ ಅದೇ ಆಗಿತ್ತು. ಒಬ್ಬರ ಮನೆಯೊಳಗಿನ ವಿಷಯವನ್ನು ಗೊತ್ತಿಲ್ಲದೆಯೇ ಸರಿಯಾಗಿ ಹೇಳಿಬಿಡುವುದು ಅಸಭ್ಯತೆಯೆಂದು ತಮಗೆ ಯಾರೂ ಕಲಿಸಲಿಲ್ಲವೇ?

ಡಾಕ್ಟರಮ್ಮನನ್ನು ಕರೆದು ಹೊಸದಾಗಿ ಅಚ್ಚು ತೆಗೆಸಿದೆವು. ಬಾಯಿ ಚೆನ್ನಾಗಿ ತೆರೆಯಬೇಕು, ಕೆನ್ನೆ ಆಡಬೇಕು, ನಗುವಾಗ ಹೇಗೋ ಹಾಗೆ ಎಂದು ಅವರು ಹೇಳಿದರು. ಅಪ್ಪಣೆಯಾದ ಕೂಡಲೇ ನಗಲು ಮಾವನವರಿಗೆ ಬರಲಿಲ್ಲ. ನಾನು ಕೊನೆ ಮರೆತ ಜೋಕನ್ನು ಶುರುಮಾಡಹೋದೆ, ‘ಅದು ಬೇಡ’ ಎಂದರು. ಕೊನೆಗೆ ಬೇರೆ ದಾರಿ ಕಾಣದೆ ನಾನು ತಮ್ಮ ಹಾಡನ್ನೇ ಹಾಡಿದೆ. ನನ್ನ ಕಂಠದ ಬಗ್ಗೆ ಮನೆಯಲ್ಲಿ ಒಳ್ಳೆಯ ಅಭಿಪ್ರಾಯವಿಲ್ಲ. ಎರಡನೆಯ ಸಾಲಿಗೇ ಡಾಕ್ಟರಮ್ಮ ಕೈಯಲ್ಲಿದ್ದ ಅಚ್ಚಿನ ತಟ್ಟೆಯ ಸಮೇತ ಗೋಡೆಗೆ ಒರಗಿ ನಕ್ಕರು. ಮಾವನವರಂತೂ ಸ್ಟೂಲಿನ ಮೇಲೆ ತೂಗಾಡಿ ನಕ್ಕರು. ಆ ನಗುವಿನಲ್ಲೇ ಅಚ್ಚು ತೆಗೆದೆವು. ಆ ಪ್ಲಾಸ್ಟರಿನ ಬಾಯಿ ಈಗ ನನ್ನ ಕಪಾಟಿನಲ್ಲಿದೆ. ಸಾಲಿನಲ್ಲಿರುವ ಬಾಯಿಗಳಲ್ಲಿ ನಗುತ್ತಿರುವುದು ಅದೊಂದೇ.

ಆದರೆ ತೊಂದರೆ ಅಲ್ಲೇ ಶುರುವಾಯಿತು. ನಾನು ಹಾಡಿದ್ದು ತಪ್ಪು ಎಂದು ಮಾವನವರು ತೀರ್ಪು ಕೊಟ್ಟರು. ‘ಚಕ್ಕರ್ ಹೊಡ್ದು’ ಎಂದು ನಾನು, ‘ಚಕ್ಕರ್ ಹಾಕಿ’ ಎಂದು ಅವರು. ಮನೆಗೆ ಬಂದು ಕೇಳಿದರೆ ನನ್ನ ಹೆಂಡತಿ ಅದು ಎರಡೂ ಅಲ್ಲ, ‘ಕಚ್ಚೋ ಕೆಲ್ಸ ಸಾಕಾಯ್ತೆಂದು’ ಎಂದಳು. ಅತ್ತೆಯವರು ಇನ್ನೂ ಮುಂದೆ ಹೋಗಿ, ‘ನನ್ನ ಮೇಲೂ ಒಂದು ಚರಣ ಇತ್ತು’ ಎಂದರು. ಅಂಥದ್ದನ್ನು ನಾವು ಯಾರೂ ಕೇಳಲಿಲ್ಲವಲ್ಲ ಎಂದರೆ, ‘ನೀವೆಲ್ಲ ನಗ್ತಾ ಇದ್ರಿ, ನಾನೊಬ್ಳೇ ಗಮನ ಇಟ್ಟು ಕೇಳಿದ್ದು’ ಎಂದರು. ಆ ಚರಣ ಯಾವುದೆಂದರೆ ಹೇಳುವುದಿಲ್ಲ, ‘ಅವರ ಬಾಯಲ್ಲೇ ಕೇಳಿದ್ರೆ ಚೆಂದ’ ಎನ್ನುತ್ತಾರೆ. ಮೊಬೈಲುಗಳನ್ನು ಆರಿಸಿಡಿ ಎಂದು ತಾವೇ ಶುರುವಿನಲ್ಲಿ ಹೇಳಿದ್ದರಿಂದ ಎಲ್ಲೂ ಧ್ವನಿಮುದ್ರಣವಿಲ್ಲ. ಈಗ ನಮ್ಮ ಊಟದ ಮೇಜು ನಾಲ್ಕು ಪಕ್ಷಗಳಾಗಿ ಒಡೆದಿದೆ. ಮಾತೇ ಇಲ್ಲದ ಮನೆಯಲ್ಲಿ ಈಗ ಒಬ್ಬರ ಮಾತು ಮುಗಿಯುವ ಮುಂಚೆ ಇನ್ನೊಬ್ಬರು ಹಾಡುತ್ತಾರೆ. ನೆರೆಯವರು ಗೋಡೆ ತಟ್ಟುತ್ತಾರೆ. ಮಾವನವರು ಗೋಡೆ ತಟ್ಟಿದ ತಾಳಕ್ಕೇ ಇನ್ನೊಂದು ಸಾಲು ಸೇರಿಸುತ್ತಾರೆ.

ವಿವಾದ ಬಗೆಹರಿಸಲೆಂದೇ ನಾವು ತಮ್ಮ ಮುಂದಿನ ಕಾರ್ಯಕ್ರಮಕ್ಕೆ ಬಂದೆವು. ಈ ಸಲ ಮಾವನವರು ಮುಂದಿನ ಸಾಲೇ ಬೇಕೆಂದರು. ಸಭೆ ‘ಹಲ್ಲಿನ ಹಾಡು, ಹಲ್ಲಿನ ಹಾಡು’ ಎಂದು ಕೂಗಿತು. ತಾವು ನಕ್ಕು ಹಾಡಿದಿರಿ. ಆದರೆ ಏನು ಹಾಡಿದಿರಿ? ಹಲ್ಲು ಬಸ್ಸು ಹತ್ತಿತು, ಕಿಟಕಿ ಪಕ್ಕ ಕೂತಿತು, ಬಾಚಣಿಗೆಯೊಂದನ್ನು ಕಂಡು ಮನಸೋತಿತು, ‘ನಿನಗೂ ಹಲ್ಲು, ನನಗೂ ಹಲ್ಲು, ಬಾಳೋಣ ಬಾ’ ಎಂದು ಮದುವೆಯಾಯಿತು! ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ ಎಂದು ಲಜ್ಜೆಯಿಂದ ಒಪ್ಪುತ್ತೇನೆ. ಮಾವನವರು ಮಾತ್ರ ಎದ್ದು ನಿಂತು, ‘ನಮ್ಮ ಹಲ್ಲು ಅಂಥದ್ದಲ್ಲ! ಅವತ್ತು ಹಾಡಿದ್ದನ್ನೇ ಹಾಡ್ರಮ್ಮಾ!’ ಎಂದು ಪ್ರತಿಭಟಿಸಿದರು.

ತಾವು ಅವರ ಗುರುತು ಹಿಡಿದಿರಿ. ಮುಖ ಅರಳಿಸಿಕೊಂಡು, ‘ಯಜಮಾನ್ರೇ, ಅದು ನನಗೂ ನೆನಪಿಲ್ಲ. ಹಲ್ಲು ಬಿತ್ತು, ಹಾಡು ಬಂತು. ನೀವು ಇನ್ನೊಂದ್ಸಲ ಬೀಳ್ಸಿ, ನಾನು ಇನ್ನೊಂದ್ಸಲ ಹಾಡ್ತೀನಿ’ ಎಂದಿರಿ.

ಇದು ಸವಾಲು ಎಂದು ಮಾವನವರು ತೆಗೆದುಕೊಂಡರು. ಕಾರ್ಯಕ್ರಮದ ಉಳಿದ ಅಷ್ಟೂ ಹೊತ್ತು ಅವರು ಬೀಳಿಸುವ ಸಂಕಲ್ಪದಿಂದ ನಕ್ಕರು. ನಗುವಂಥದ್ದಕ್ಕೂ ನಕ್ಕರು, ತಾವು ವಿರಹಗೀತೆ ಹಾಡಿದಾಗಲೂ ನಕ್ಕರು. ತಲೆ ಹಿಂದಕ್ಕೆ ಹಾಕಿ ನಕ್ಕರು, ಮುಂದಕ್ಕೆ ಬಾಗಿ ನಕ್ಕರು, ನೆರವಿಗೆಂದು ಅತ್ತೆಯವರಿಂದ ಬೆನ್ನಿಗೆ ಗುದ್ದಿಸಿಕೊಂಡು ನಕ್ಕರು. ಸೆಟ್ಟು ಅಲುಗಲಿಲ್ಲ. ನಕ್ಕ ಬಾಯಿಂದ ತೆಗೆದ ಅಚ್ಚಿಗೆ ಕಟ್ಟಿದ್ದು, ಹೇಗೆ ಅಲುಗೀತು? ಪರದೆ ಬೀಳುವ ಹೊತ್ತಿಗೆ ಅವರು ಬೆವರು ಒರೆಸಿಕೊಂಡು, ನನ್ನ ಕಡೆ ತಿರುಗಿ, ಸಭೆಗೆಲ್ಲ ಕೇಳುವಂತೆ ಗದರಿದರು: ‘ಏನಯ್ಯಾ ಇದು, ಇಷ್ಟು ಗಟ್ಟಿ ಕಟ್ಟೋದಾ? ಮನುಷ್ಯ ನಗೋದ್ರಲ್ಲಿ ಒಂದು ಸುಖ ಬೇಡ್ವಾ?’

ನನ್ನ ಕಸುಬಿನಲ್ಲಿ ಸಡಿಲವೆಂಬ ದೂರನ್ನು ಲೆಕ್ಕವಿಲ್ಲದಷ್ಟು ಕೇಳಿದ್ದೇನೆ. ಬೀಳುವುದೇ ಇಲ್ಲವೆಂದು ಬೈಸಿಕೊಂಡದ್ದು ಇದೇ ಮೊದಲು. ಬೈಗುಳ ಇಷ್ಟು ಹಿತವಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ; ಆಟೋದಲ್ಲಿ ಮನೆ ತಲುಪುವವರೆಗೂ ಬೈಯುತ್ತಲೇ ಇರಲಿ ಎನ್ನಿಸಿತು. ಬೈದರು ಕೂಡ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬಿನ್ನಹಗಳಿವೆ. ಅಂದು ಹುಟ್ಟಿದ ಹಾಡನ್ನು ಅಂದಿನಂತೆಯೇ, ಅದೇ ಉಸಿರು, ಅದೇ ಕಣ್ಣು ಹೊಡೆತ, ಹೆದರಿದಾಗ ನಡುಗಿದ ಅದೇ ದನಿಯೊಂದಿಗೆ, ಆದರೆ ಇದೀಗ ತಾನೇ ಹೊಳೆದದ್ದೆನ್ನುವಂತೆ ಹೊಚ್ಚ ಹೊಸದಾಗಿ ಇನ್ನೊಮ್ಮೆ ಹಾಡಿಕೊಡಬೇಕು. ನಮ್ಮ ಅತ್ತೆಯವರ ಮೇಲೆ ತಾವು ಹಾಡಿಯೇ ಇಲ್ಲದ ಚರಣವನ್ನು ತಾವು ನೆನಪಿಸಿಕೊಳ್ಳಬೇಕು. ಅದು ಅವರ ಮನಸ್ಸಿನಲ್ಲಿರುವುದಕ್ಕೆ ಅಕ್ಷರ ತಪ್ಪದೆ ಹೊಂದಬೇಕು, ಮತ್ತು ಅವರನ್ನು ಹೊಗಳಬೇಕು. ಬಿಡುವಾದಾಗಲೆಲ್ಲ ನಮ್ಮ ಆಸ್ಪತ್ರೆಯ ಮುಂದಿನ ಕೋಣೆಗೆ ಬಂದು, ಹೊಸ ಹಲ್ಲಿನವರನ್ನು ಒಬ್ಬೊಬ್ಬರನ್ನಾಗಿ ನಗಿಸಿ ಹೋಗಬೇಕು. ತಮಗೆಂದು ಹೊಸ ಕುಶನ್ನಿನ ಕುರ್ಚಿ ಹಾಕಿಸುತ್ತೇವೆ, ಮತ್ತು ನನ್ನ ಎರಡೂ ಜೋಕುಗಳನ್ನು ತಮಗೆ ಸಂಪೂರ್ಣ ಹಕ್ಕುಗಳೊಂದಿಗೆ ಬಿಟ್ಟುಕೊಡುತ್ತೇನೆ. ಇದ್ಯಾವುದೂ ಆಗದಿದ್ದಲ್ಲಿ, ದಯವಿಟ್ಟು ಮುಂದೆ ಹಾಡುವಾಗ ಸ್ವಲ್ಪ ಕಡಿಮೆ ಚೆನ್ನಾಗಿ ಹಾಡಬೇಕು. ಎಲ್ಲರ ವಸಡೂ ಒಂದೇ ರೀತಿ ಇರುವುದಿಲ್ಲ.

ಈ ಪತ್ರವನ್ನು ಬರೆಯುತ್ತಿರುವ ಹೊತ್ತಿಗೆ ಮನೆಯಲ್ಲಿ ಬೆಳಗಾಗಿದೆ. ಬಚ್ಚಲಿನ ಕನ್ನಡಿಯ ಮುಂದೆ ಮಾವನವರು ಕೆನ್ನೆಗೆ ನೊರೆ ಬಳಿದುಕೊಂಡು, ಪಾರ್ಕಿನ ಬೆಂಚಿನವರನ್ನು ಒಬ್ಬೊಬ್ಬರಾಗಿ ಹಿಡಿದು ಪ್ರಾಸ ಕೂಡಿಸುತ್ತಿದ್ದಾರೆ. ಅತ್ತೆಯವರು ಅಡುಗೆಮನೆಯಿಂದ ತಿದ್ದುತ್ತಿದ್ದಾರೆ. ನನ್ನ ಹೆಂಡತಿ ಇಬ್ಬರಿಗೂ ಕೇಳದ ಹಾಗೆ ನಗುತ್ತಿದ್ದಾಳೆ. ಮಾವನವರು ನನ್ನನ್ನೂ ಕೂಗಿ ‘ಲೋ, ಬಾರೋ ಇಲ್ಲಿ, ಈ ಸಾಲು ಹೇಗಿದೆ ಹೇಳು’ ಎನ್ನುತ್ತಿದ್ದಾರೆ. ಲೋ ಎನ್ನುವಲ್ಲಿಗೆ ಬಂದಿದೆ, ಮಾನ್ಯರೇ. ಇಷ್ಟಕ್ಕೆಲ್ಲ ಹೊಣೆ ತಾವೆಂದು ಮತ್ತೊಮ್ಮೆ ತಿಳಿಸುತ್ತ, ಕರೆ ಬಂದಿರುವುದರಿಂದ ಇಲ್ಲಿಗೆ ನಿಲ್ಲಿಸುತ್ತೇನೆ.

ದೂರು ಹೊತ್ತೂ ದೂರವಾಗಲಾರದ,
ತಮ್ಮ ವಿಶ್ವಾಸಿ,
ಸ್ಟೇಷನ್ ಮಾಸ್ತರರ ಅಳಿಯ

ತಾ.ಕ.: ಈ ಸಲ ಮುಂದಿನ ಸಾಲಿನಲ್ಲಿ ಕೂತಿದ್ದರಿಂದ, ತಾವು ಮೇಲಿನ ಸ್ವರಕ್ಕೆ ಬಾಯಿ ತೆರೆದಾಗ ತಮ್ಮ ಮೇಲ್ಸಾಲಿನ ಎಡಗಡೆಯ ಕೋರೆಹಲ್ಲು ಕಟ್ಟಿಸಿದ್ದೆಂಬುದು ನನ್ನ ಕಣ್ಣಿಗೆ ಬಿತ್ತು. ಕೆಲಸ ಪರವಾಗಿಲ್ಲ, ಬಣ್ಣ ಮಾತ್ರ ಅಕ್ಕಪಕ್ಕದವಕ್ಕಿಂತ ಒಂದು ಪಾಲು ಬೆಳ್ಳಗಾಗಿದೆ. ಇಂಥ ವಿಷಯಗಳಲ್ಲಿ ಬಾಯಿ ಬಿಗಿ ಹಿಡಿಯುವುದು ನಮ್ಮ ಕಸುಬಿನ ಧರ್ಮವಾದ್ದರಿಂದ ನಾನು ಹೊರಗೆ ಯಾರಿಗೂ ಹೇಳಿಲ್ಲ. ಮಾವನವರೊಬ್ಬರಿಗೆ ಹೇಳಿದ್ದೇನೆ. ಎರಡು ಚರಣ ಆಗಿದೆ. ಉಳಿದದ್ದನ್ನು ತಮ್ಮ ಮುಂದಿನ ಕಾರ್ಯಕ್ರಮದಲ್ಲಿ, ತಮ್ಮದೇ ಮೈಕು ಕೇಳಿ ತೆಗೆದುಕೊಂಡು, ಅಲ್ಲೇ ಕಟ್ಟುತ್ತಾರಂತೆ.